ಪರ್ಲ್ ಕಡೆಯೋರು, ಡಾಟ್‌ನೆಟ್ ಕಡೆಯೋರು

ಕರಿಬಸವಯ್ಯ: ಹಳೇದನ್ನೆಲ್ಲ ಕಿತ್ತು ಬಿಸಾಕ್ಬೇಕು ಅಂದ್ಲಲ್ರೀ ನಿಮ್ಮುಡ್ಗಿ! ಇನ್ನೂ ನಮ್ಮ ಹೊಸ್ಲು ತುಳಿದಿಲ್ಲ, ಆಗ್ಲೇ ಕಿತ್ತು ಬಿಸಾಕೋ ಮಾತಾ?

ಚನ್ನವೀರಯ್ಯ: ಅದು ಕಂಪ್ಯೂಟರ್ ವಿಷ್ಯಕ್ಕೆ ಅಂದಿದ್ದು ಬೀಗರೇ. ಮನೆ ವಿಷ್ಯಕ್ಕಲ್ಲ.

ಕರಿಬಸವಯ್ಯ: ಬೀಗರೇ ಗೀಗರೇ ಅನ್ಬೇಡಿ. ತಾಂಬೂಲ ಬದಲಾಯಿಸಿದ ಮೇಲೆ ಬೀಗರು. ಅಲ್ಲೀಗಂಟ ನಾನು ಸಿ.ಎಸ್. ಪುರದ ಕರಿಬಸವಯ್ಯ, ಅಷ್ಟೇಯ.

ಚನ್ನವೀರಯ್ಯ: ಉಪ್ಪಿಟ್ಟು ತಿನ್ನೋವಾಗ ‘ಬೀಗರೇ, ಇನ್ನೊಂಚೂರು ಹಾಕ್ಸಿ’ ಅಂದೋರು ನೀವೇ ತಾನೇ?

ಕರಿಬಸವಯ್ಯ: ಅದು ಉಪ್ಪಿಟ್ಟು ಚೆನ್ನಾಗಿತ್ತು, ಅದುಕ್ಕೆ ಅಂದೆ.

ಹೇಳಿಬಿಡ್ತೀನಿ, ಆ ಉಪ್ಪಿಟ್ಟು ಮಾಡಿದೋಳು ನಾನು. ಹೆಸರು ನಂದಿತಾ, ಹುಡುಗಿ ಮಾನಸಾಗೆ ಸ್ವಂತ ಚಿಕ್ಕಮ್ಮ. ಭಾನುವಾರ ಬೆಳಗ್ಗೆ ಕುಣಿಗಲ್ಲಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದು, ತುಮಕೂರಿನ ಬಟವಾಡಿಯಲ್ಲಿ ಅಕ್ಕ ಗಂಗಾಂಬಿಕೆ ಮನೆಗೆ ಕಾಲಿಟ್ಟಿದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಮುಂದೆ ನಿಂತೆ. ಗಂಡಿನ ಕಡೆಯಿಂದ ಬಂದೋರು ಇಬ್ಬರೇ, ಹುಡುಗ ರೇಣುಕಾಪ್ರಸಾದ್, ಅವನನ್ನ ಸಿ.ಎಸ್. ಪುರದ ತಮ್ಮ ಮನೇಲೇ ಇಟ್ಕೊಂಡು ಸಾಕಿದ ಸೋದರಮಾವ ಕರಿಬಸವಯ್ಯ. ಅವರ ಮನೇಲಿ ಮಾತು ಕೊಡೋದು, ಮಾತು ಮುರಿಯೋದು ಎರಡೂ ಸೋದರಮಾವನ ಯಜಮಾನಿಕೆಯಂತೆ. ಎಲ್ಲ ಸಲೀಸಾಗೇ ನಡೀತಿತ್ತು. ನಮ್ಮ ಭಾವ ಚನ್ನವೀರಯ್ಯ ದೊಡ್ಡ ಮನಸ್ಸು ಮಾಡಿ, ‘ಹುಡುಗ ಹುಡುಗಿ ತಾರಸಿ ಮೇಲೆ ಹೋಗಿ ಒಂದೆರಡು ಮಾತಾಡ್ಕೊಂಡ್ ಬರ್ಲಿ’ ಅಂದ್ರು. ಅವರು ಮಾತಾಡಿದ್ದು ಕೆಳಗೆ ಹಾಲಿಗೂ ಕೇಳಿಸ್ತು, ಎದುರು ಮನೆಗೂ ಕೇಳಿಸ್ತು.

ಟ್ರೇ ಹಿಡ್ಕೊಂಡು ಹೋಗೋಕೆ ಮುಂಚೆ ಮಾನಸಾ ಅಡುಗೆಮನೇಲಿ ನನ್ನ ಕಿವಿಗೆ ಬಾಯಿಟ್ಟು, ‘ಚಿಕ್ಕಮ್ಮ, ಹುಡುಗ ನಂಗೆ ಹಿಡಿಸಿದಾನೆ. ಇದು ಕೆಟ್ಟೋದ್ರೆ ಇನ್ನೊಂದ್ಸಲ ನಾನು ಸೀರೆ ಉಟ್ಟು ಟ್ರೇ ಹಿಡಿಯಲ್ಲ, ನೋಡ್ಕೊ’ ಅಂದಿದ್ಲು. ಅಂಥೋಳು ಮೇಲೆ ಹೋಗಿ ಅದೇ ಹುಡುಗನ ಮೇಲೆ ಎಗರಾಡಿಬಿಟ್ಟವಳೆ! ಹುಡುಗೀರಿಗೆ ಬುದ್ಧಿ ಅನ್ನೋದು ದೇವರು ಕೊಡೋವಾಗ ಇವಳು ಎಲ್ಲಿ ಹೋಗಿದ್ಲೋ.

ಇಬ್ಬರನ್ನೂ ಕೆಳಗೆ ಕರೆಸಿದ್ರು. ಹುಡುಗ ಮುಂದೆ, ಇವಳು ಹಿಂದೆ. ಇಬ್ಬರ ಮುಖವೂ ಕೆಂಪಗಿತ್ತು.

ಗಂಗಾಂಬಿಕೆ: ಏನೇ ಇದು? ಮಾತಾಡ್ಕೊಂಡ್ ಬಾ ಅಂತ ಕಳ್ಸಿದ್ರೆ ಕಿತ್ತಾಡ್ಕೊಂಡ್ ಬಂದಿದೀಯಲ್ಲ!

ಮಾನಸಾ: ಕಿತ್ತಾಡ್ಲಿಲ್ಲಮ್ಮ. ಇವರು ಪರ್ಲಲ್ಲಿ ಬರೀತಾರಂತೆ. ಇವತ್ತಿಗೂ!

ಗಂಗಾಂಬಿಕೆ: ಅಯ್ಯೋ ಶಿವನೇ! ಬಿಡಿಸೋಕಾಗಲ್ವಂತಾ?

ಮಾನಸಾ: ಚಟ ಅಲ್ಲಮ್ಮ! ಕಂಪ್ಯೂಟರಿಗೆ ಕೆಲ್ಸ ಹೇಳೋ ಲ್ಯಾಂಗ್ವೇಜು. ಓಬೀರಾಯನ ಕಾಲದ್ದು. ನಾನು ಹುಟ್ಟೋಕೂ ಮುಂಚಿಂದು.

ರೇಣುಕಾಪ್ರಸಾದ್: ಹಳೇದಾದ್ರೂ ಗಟ್ಟಿ ಅತ್ತೆ. ಗುಬ್ಬೀಲಿ ನಮ್ಮ ಕೊಬ್ಬರಿ ಮಂಡೀಲಿ ತೂಕ, ಚೀಟಿ, ಲಾರಿ ಲೋಡು ಎಲ್ಲ ಪರ್ಲಲ್ಲಿ ಬರೆದಿರೋ ನನ್ನ ಸ್ಕ್ರಿಪ್ಟೇ ನಡ್ಸೋದು. ಕರೆಂಟ್ ಹೋದ್ರೆ ಮಲಗುತ್ತೆ, ಬಂದ್ರೆ ತಾನೇ ಎದ್ದು ಕೂರುತ್ತೆ.

ಮಾನಸಾ: ನೋಡೋಕೆ ಮಾತ್ರ ಕಪ್ಪು ಸ್ಕ್ರೀನು, ಬಿಳಿ ಅಕ್ಷರ. ಹೆದರ್ಕೊಂಡು ಯಾರೂ ಹತ್ರ ಬರಲ್ಲ. ನಾನು ಆಸ್ಪತ್ರೆಗಳಿಗೆ ಪ್ರೋಗ್ರಾಂ ಮಾಡೋದು ಡಾಟ್‌ನೆಟ್ಟಲ್ಲಿ. ಈಗಿನ ವಿಂಡೋಸಿಗೆ ಅಂತಲೇ ಇರೋದು. ಬಟನ್ನು, ಬಣ್ಣ ಎಲ್ಲ ಲಕ್ಷಣವಾಗಿರುತ್ತೆ. ಆಸ್ಪತ್ರೆ ರಿಸೆಪ್ಷನ್ನಲ್ಲಿ ಕೂತಿರೋರು ನಿದ್ದೆಗಣ್ಣಲ್ಲೂ ಒತ್ತಬಹುದು.

ರೇಣುಕಾಪ್ರಸಾದ್: ಅಂಥ ವಿಂಡೋನ ನನ್ನ ಪರ್ಲಿಂದಾನೂ ತೆಗೀಬಹುದು ಅಂದೆ ಮಾವ, ಅಷ್ಟೇ. ಅದಕ್ಕೆ ರೇಗಿಬಿಟ್ರು.

ಮಾನಸಾ: ಆಗಲ್ಲ ಅಂದೆ. ಆದ್ರೂ ನೆಟ್ಟಗಾಗಲ್ಲ. ಹಳೇದನ್ನ ಬಿಸಾಕಿ, ಮೊದಲಿಂದ ಹೊಸದಾಗಿ ಬರ್ಕೊಳ್ಳಿ ಅಂದೆ.

ಕರಿಬಸವಯ್ಯ: ನೋಡುದ್ರಾ, ಮತ್ತೆ ಬಿಸಾಕು!

ನಮ್ಮ ಭಾವ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ್ರು. ಅವರದು ಮೋಟ್ರು ರಿವೈಂಡಿಂಗ್ ಅಂಗಡಿ. ಲೋಕದಲ್ಲಿ ಏನೇ ಕಷ್ಟ ಬರಲಿ, ಅದನ್ನ ಬೋರ್‌ವೆಲ್ ಮೋಟ್ರಿಗೆ ಹೋಲಿಸದೆ ಅವರಿಗೆ ಅರ್ಥವಾಗಲ್ಲ.

ಚನ್ನವೀರಯ್ಯ: ಹಳೇ ಮೋಟ್ರಿಗೆ ಹೊಸ ಸ್ಟಾರ್ಟರ್ ಕೂರ್ಸಿದ್ರೆ ಏನಾಗುತ್ತೆ ಗೊತ್ತೇನಪ್ಪ? ಒಂದೋ ಸ್ಟಾರ್ಟರ್ ಟ್ರಿಪ್ ಆಗ್ತಾನೇ ಇರುತ್ತೆ, ಇಲ್ಲ ಮೋಟ್ರು ಸುಟ್ಟೋಗುತ್ತೆ.

ಕರಿಬಸವಯ್ಯ: ಅದನ್ನೇ ನಾನೂ ಕೇಳ್ತಿರದು. ಕಂಪ್ಯೂಟ್ರಲ್ಲೇ ಹೊಂದ್ಕೊಳ್ದೆ ಇರೋವು ಮನೇಲಿ ಹೆಂಗ್ರೀ ಹೊಂದ್ಕೊಂತವೆ?

ಚನ್ನವೀರಯ್ಯ: ನೂರಕ್ಕೆ ನೂರು ಸರಿಯಾದ ಪ್ರಶ್ನೆ.

ನಾನು: ಏನ್ ಸರಿ ಭಾವ? ಕಂಪ್ಯೂಟ್ರಿಗೂ ಸಂಸಾರಕ್ಕೂ ಏನು ಸಂಬಂಧ? ಕರಿಬಸವಯ್ಯನೋರಿಗೆ ತೆಂಗಿನ ತೋಟ ಇದೆ. ಹಂಗಂತ ಅವರ ಹೆಂಡ್ತಿಗೆ ಮರ ಹತ್ತೋಕೆ ಬರ್ಬೇಕಾ?

ಕರಿಬಸವಯ್ಯ: ಬತ್ತದಲ್ಲಮ್ಮ. ನನ್ ಮೇಲೆ ಸಿಟ್ಟು ಬಂದು ಒಂದ್ಸಲ ಹತ್ತಿದ್ಲು. ಇಳ್ಸೋ ಹೊತ್ಗೆ ಸಾಯಂಕಾಲ ಆಯ್ತು.

ನಾನು ಕಾಫಿ ಲೋಟ ಅವರ ಕೈಗಿಟ್ಟೆ.

ಕರಿಬಸವಯ್ಯ: ಒಂದ್ ಕೆಲ್ಸ ಮಾಡಣ. ಜಾತಕ ಕೂಡೈತೆ, ಮನೆತನ ಕೂಡೈತೆ. ಉಳಿದಿರದು ಇದೊಂದು. ಇವನ ಪರ್ಲೂ ಅವಳ ಡಾಟ್‌ನೆಟ್ಟೂ ಈಗ್ಲೇ, ನಮ್ಮ ಕಣ್ ಮುಂದೆ ಕೂಡ್ಲಿ. ಕೂಡಿದ್ರೆ ತಾಂಬೂಲ. ಕೂಡ್ಲಿಲ್ಲ ಅಂದ್ರೆ ನಾವು ಗುಬ್ಬಿ ಬಸ್ ಹತ್ತತೀವಿ.

ಚನ್ನವೀರಯ್ಯ: ಒಪ್ಪಿದೆ. ಟ್ರಯಲ್ ನೋಡ್ದೆ ನಾನೂ ಅಂಗಡಿಯಿಂದ ಮೋಟ್ರು ಕಳ್ಸಲ್ಲ.

ಮಾನಸಾ: ಅಪ್ಪಾ! ನಾನೇನು ಮೋಟ್ರಾ?

ಯಾರು ಕೇಳ್ತಾರೆ ಅವಳ ಮಾತು? ಅಕ್ಕ ಆಗಲೇ ಮಣೆ ತಂದು ಹಾಲಿನ ಮಧ್ಯಕ್ಕೆ ಹಾಕಿ, ಅದರ ಮೇಲೆ ಮಾನಸಾಳ ಲ್ಯಾಪ್‌ಟಾಪ್ ಇಟ್ಟು, ಮುಚ್ಚಳಕ್ಕೆ ವಿಭೂತಿ ಎಳೆದು, ಎರಡೆಳೆ ಮಲ್ಲಿಗೆ ಬೇರೆ ಇಟ್ಟಳು. ಮುಚ್ಚಳ ತೆಗೆದರೆ ಹೂವು ಬೀಳುತ್ತೆ, ಹೂವು ಇಟ್ಟರೆ ಮುಚ್ಚಳ ತೆಗೆಯೋ ಹಾಗಿಲ್ಲ. ಕೊನೆಗೆ ಹೂವನ್ನ ಚಾರ್ಜರಿಗೆ ಮುಡಿಸಿದ್ವಿ. ರೇಣುಕಾಪ್ರಸಾದ್ ಪ್ಯಾಂಟಿನ ಜೇಬಿಂದ ಒಂದು ಪೆನ್‌ಡ್ರೈವ್ ತೆಗೆದ.

ನಾನು: ಹೆಣ್ಣು ನೋಡೋಕೆ ಬರೋರು ಪೆನ್‌ಡ್ರೈವ್ ಇಟ್ಕೊಂಡ್ ಬರ್ತಾರೇನಪ್ಪ?

ರೇಣುಕಾಪ್ರಸಾದ್: ಮಂಡಿಯಿಂದ ಯಾವಾಗ ಫೋನ್ ಬರುತ್ತೋ ಗೊತ್ತಾಗಲ್ಲ ಚಿಕ್ಕಮ್ಮ. ಸ್ನಾನಕ್ಕೆ ಹೋದ್ರೂ ಬಚ್ಚಲು ಕಿಟಕೀಲಿ ಇಟ್ಕೊಂಡಿರ್ತೀನಿ.

ಚಿಕ್ಕಮ್ಮ ಅಂದ! ಆವಾಗಲೇ ನಾನು ಇವನ ಪಾರ್ಟಿ ಆಗಿಬಿಟ್ಟೆ. ಇಬ್ಬರೂ ಮಣೆ ಮುಂದೆ ಚಕ್ಕಂಬಟ್ಟೆ ಹಾಕಿ ಕೂತರು. ಮಧ್ಯೆ ಒಬ್ಬರು ಕೂರೋಷ್ಟು ಜಾಗ ಬಿಟ್ಟಿದ್ದರು.

ಮಾನಸಾ: ಸುಲಭದ ದಾರಿ ಅಂದ್ರೆ, ಇವರ ಪರ್ಲನ್ನ ನನ್ನ ಪ್ರೋಗ್ರಾಂ ಒಳಗೇ ಕೂರಿಸ್ಕೊಂಡ್ಬಿಡೋದು. ಹೊರಗೆ ನನ್ನ ವಿಂಡೋ ಕಾಣ್ತಿರುತ್ತೆ, ಒಳಗೆ ಇವರ ಸ್ಕ್ರಿಪ್ಟು ಕೆಲ್ಸ ಮಾಡ್ಕೊಂಡಿರುತ್ತೆ. ನಾನು ಕರೆದಾಗ ಏಳುತ್ತೆ, ಬೇಡ ಅಂದಾಗ ಮಲಗುತ್ತೆ.

ಕರಿಬಸವಯ್ಯ ಟವೆಲ್ ಒದರಿ ಹೆಗಲಿಗೆ ಹಾಕ್ಕೊಂಡು ಎದ್ದೇಬಿಟ್ಟರು.

ಕರಿಬಸವಯ್ಯ: ಏಳ್ಲಾ ರೇಣುಕಾ, ಹೋಗಣ.

ರೇಣುಕಾಪ್ರಸಾದ್: ಯಾಕೆ ಮಾವ?

ಕರಿಬಸವಯ್ಯ: ಗೊತ್ತಾಗ್ನಿಲ್ವೇನ್ಲಾ? ಅವರ ಮನೆಯೊಳಕ್ಕೆ ಹೋಗಿ ನೀನು ಕೂತ್ಕೊಬೇಕಂತೆ. ಹೊರಗಡೆಯಿಂದ ನೋಡಿದ್ರೆ ನೀನು ಕಾಣ್ಲೂಬಾರ್ದಂತೆ. ಕರೆದಾಗ ಏಳ್ಬೇಕಂತೆ! ಇದುಕ್ಕೆ ಮನೆ ಅಳಿಯ ಅಂತಾರೆ ಕಣ್ಲಾ. ನಮ್ಮ ವಂಶದಲ್ಲೇ ಇಲ್ಲ!

ರೇಣುಕಾಪ್ರಸಾದ್: ನಾನಲ್ಲ ಮಾವ, ಸ್ಕ್ರಿಪ್ಟು!

ಕರಿಬಸವಯ್ಯ: ಇವತ್ತು ಸ್ಕ್ರಿಪ್ಟು, ನಾಳೆ ನೀನು.

ಚನ್ನವೀರಯ್ಯ: ಮನೆ ಅಳಿಯ ಅಂದ್ರೆ ಏನ್ರೀ ಅಷ್ಟು ಕೇವಲ? ಈ ಮನೆ ನಮ್ಮ ಮಾವನೋರು ಕಟ್ಟಿಸಿದ್ದು. ನಾನೇ ಮನೆ ಅಳಿಯ!

ಕರಿಬಸವಯ್ಯ ನಮ್ಮ ಭಾವನನ್ನ ಅಡಿಯಿಂದ ಮುಡಿಯವರೆಗೂ ಒಂದ್ಸಲ ನೋಡಿದ್ರು.

ಕರಿಬಸವಯ್ಯ: ಅದುಕ್ಕೇ ಬೇಡ ಅಂತಿರದು.

ಅಕ್ಕ ‘ಕ್ಕೆ ಕ್ಕೆ’ ಅಂತ ನಕ್ಕುಬಿಟ್ಟಳು. ಗಂಡ ಗುರಾಯಿಸಿದ್ದಕ್ಕೆ ಕೆಮ್ಮಿದ ಹಾಗೆ ಮಾಡಿದಳು. ಅವಳ ಸರದಿ ಆಮೇಲೆ ಬಂತು.

ರೇಣುಕಾಪ್ರಸಾದ್: ಕೂತ್ಕೊ ಮಾವ, ಇನ್ನೊಂದು ದಾರಿ ಇದೆ. ನನ್ನ ಸ್ಕ್ರಿಪ್ಟೇ ಮೊದಲು ಶುರುವಾಗ್ಲಿ. ಅದು ಹೋಗಿ ಇವರ ಡಾಟ್‌ನೆಟ್ಟನ್ನ ಕರ್ಕೊಂಡ್ ಬರುತ್ತೆ. ವಿಂಡೋ ತೆಗಿ ಅಂದ್ರೆ ತೆಗೆಯುತ್ತೆ, ಮುಚ್ಚು ಅಂದ್ರೆ ಮುಚ್ಚುತ್ತೆ.

ಕರಿಬಸವಯ್ಯ: ಹಾಂ! ಇದು ಪದ್ಧತಿ.

ಗಂಗಾಂಬಿಕೆ: ಯಾವೂರ ಪದ್ಧತಿ? ನನ್ನ ಮಗಳು ಎಂ.ಸಿ.ಎ. ಓದಿರೋದು ಇನ್ನೊಬ್ಬರು ಹೇಳ್ದಂಗೆ ಕಿಟಕಿ ತೆಗೆದು ಮುಚ್ಚೋಕಾ?

ಕರಿಬಸವಯ್ಯ: ಮತ್ತೆ ಸೊಸೆ ಆದೋಳು ಬೆಳಿಗ್ಗೆ ಎದ್ದು ಕಿಟ್ಕಿ ತೆಗೀದೆ ಇನ್ಯಾರಮ್ಮ ತೆಗೀಬೇಕು?

ಗಂಗಾಂಬಿಕೆ: ನಿಮ್ಮ ಕೈಗೇನಾಗಿದೆ?

ಕರಿಬಸವಯ್ಯ: ನಮ್ಮನೆ ಕಿಟ್ಕಿ ಎತ್ರದಲ್ಲವೆ!

ಗಂಗಾಂಬಿಕೆ: ನನ್ನ ಮಗಳು ನಿಮಗಿಂತ ಗಿಡ್ಡ!

ಅಲ್ಲಿಂದ ಶುರುವಾಯ್ತು ನೋಡಿ. ಕಿಟಕಿ ಎತ್ತರ ಎಷ್ಟು, ಕಟ್ಟಿಸಿದೋರು ಯಾರು, ಅಷ್ಟು ಎತ್ತರಕ್ಕೆ ಇಡೋ ಅಂಥ ದರ್ದು ಏನಿತ್ತು, ಬೆಕ್ಕು ಬರುತ್ತೆ ಅಂತ, ಬೆಕ್ಕು ಬಂದ್ರೆ ಏನಾಗ್ತಿತ್ತು ಅಂತ. ಪರ್ಲೂ ಇಲ್ಲ, ಡಾಟ್‌ನೆಟ್ಟೂ ಇಲ್ಲ, ಮದುವೆಯೂ ಇಲ್ಲ, ಮೂರೂ ಜನ ಬೆಕ್ಕಿನ ಹಿಂದೆ ಬಿದ್ದಿದ್ದಾರೆ. ನಾನು ಮಣೆ ಕಡೆ ತಿರುಗಿ ನೋಡಿದೆ. ಇಬ್ಬರ ಮಧ್ಯೆ ಇದ್ದ ಜಾಗ ಎಲ್ಲಿ ಹೋಯ್ತೋ! ತಲೆಗೆ ತಲೆ ತಗಲೋ ಹಾಗೆ ಬಗ್ಗಿ, ಅವನು ಎರಡು ಸಾಲು ಒತ್ತೋದು, ಇವಳು ಅಳಿಸೋದು, ಇವಳು ಎರಡು ಸಾಲು ಒತ್ತೋದು, ಅವನು ನಗೋದು. ‘ಹಂಗಲ್ರೀ’ ಅಂತಾಳೆ, ‘ಹಂಗೇ ಕಣ್ರೀ’ ಅಂತಾನೆ. ಕೇಸರಿಬಾತ್ ಮುಂದಿಟ್ಟರೆ ಇಬ್ಬರೂ ಒಂದೇ ತಟ್ಟೆಗೆ ಚಮಚ ಹಾಕಿದರು. ಯಾರ ತಟ್ಟೆ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಮಾನಸಾ: ಅಪ್ಪ, ಸಿಕ್ತು! ಯಾರೂ ಯಾರ ಒಳಗೂ ಕೂರೋದು ಬೇಡ. ಇವರ ಪರ್ಲು ಅದರ ಪಾಡಿಗೆ ಅದು ಓಡುತ್ತೆ, ನನ್ನ ವಿಂಡೋ ಅದರ ಪಾಡಿಗೆ ಅದು. ಮಧ್ಯೆ ಒಂದು ಪೈಪು.

ಚನ್ನವೀರಯ್ಯ: ಎಷ್ಟಿಂಚಿಂದು?

ಮಾನಸಾ: ನೀರಿಂದಲ್ಲಪ್ಪ. ಮಾತಾಡೋಕೆ. ಅವರ ಕಡೆಯಿಂದ ಹೇಳಿದ್ದು ನನ್ನ ಕಡೆ ಬೀಳುತ್ತೆ, ನನ್ನ ಕಡೇದು ಅವರ ಕಡೆ.

ರೇಣುಕಾಪ್ರಸಾದ್: ಒಬ್ಬರು ಎಡವಿದ್ರೂ ಇನ್ನೊಬ್ಬರು ಬೀಳಲ್ಲ ಮಾವ. ಇಬ್ಬರಿಗೂ ಅವರವರ ಜಾಗ ಇರುತ್ತೆ.

ಭಾವ ಕರಿಬಸವಯ್ಯನವರನ್ನ ನೋಡಿದ್ರು. ಕರಿಬಸವಯ್ಯ ಭಾವನನ್ನ ನೋಡಿದ್ರು.

ಕರಿಬಸವಯ್ಯ: ಬೇರೆ ಮನೆ!

ಚನ್ನವೀರಯ್ಯ: ಬೇರೆ ಮನೆ!

ಕರಿಬಸವಯ್ಯ: ಕೇಳುಸ್ಕೊಂಡ್ರಾ ಬೀಗರೇ? ಇನ್ನೂ ಮದ್ವೆ ಆಗಿಲ್ಲ, ಆಗ್ಲೇ ಬೇರೆ ಮನೆ ಮಾಡವ್ರೆ!

ಚನ್ನವೀರಯ್ಯ: ಸಂಸಾರ ಅಂದ್ಮೇಲೆ ಒಂದೇ ಸೂರಿನಡಿ ಇರ್ಬೇಕು ಬೀಗರೇ.

ಕರಿಬಸವಯ್ಯ: ಬಂಗಾರದಂಥ ಮಾತು ಬೀಗರೇ.

ಈಗ ತಾನೇ ಹಲ್ಲು ಹಲ್ಲು ಕಡೀತಿದ್ದೋರು ಪಕ್ಕಪಕ್ಕ ಕೂತು ಒಬ್ಬರ ತೊಡೆ ಇನ್ನೊಬ್ಬರು ತಟ್ಟಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯ್ತು.

ಚನ್ನವೀರಯ್ಯ: ಎರಡೂ ಒಂದೇ ಕಡೆ ಇರ್ಲಿ ಬೀಗರೇ. ಇಲ್ಲೇ, ಬಟವಾಡೀಲಿ.

ಕರಿಬಸವಯ್ಯ: ಎಲ್ಲಿ? ಸಿ.ಎಸ್. ಪುರದಲ್ಲಿ ಅನ್ನಿ!

ಚನ್ನವೀರಯ್ಯ: ಅಲ್ಲಿ ಕಿಟಕಿ ಎತ್ತರ ಇದೆಯಲ್ರೀ!

ಕರಿಬಸವಯ್ಯ: ಏಳ್ಲಾ ರೇಣುಕಾ!

ಮಾನಸಾ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ ಎದ್ದು ನಿಂತಳು. ಕಣ್ಣಲ್ಲಿ ನೀರು. ನಾನು ಸೆರಗು ಹಿಡಿದು ಜಗ್ಗಿದೆ, ಕೂರಲಿಲ್ಲ.

ಮಾನಸಾ: ಒಂದು ಮಾತು ಕೇಳಿ ಎಲ್ರೂ. ಇಷ್ಟು ದಿನ ನನ್ನ ನೋಡೋಕೆ ಬಂದೋರೆಲ್ಲ ಏನು ಕೇಳಿದ್ರು ಗೊತ್ತಾ? ಅಡುಗೆ ಬರುತ್ತಾ, ಹಾಡು ಬರುತ್ತಾ, ಮದ್ವೆ ಆದ್ಮೇಲೆ ಕೆಲ್ಸ ಬಿಡ್ತೀಯಾ. ನಾನು ಮಾಡೋ ಕೆಲ್ಸ ಏನು ಅಂತ ಒಬ್ಬನೂ ಕೇಳ್ಲಿಲ್ಲ. ಇವರೊಬ್ಬರೇ ಕೇಳಿದ್ದು. ಕೇಳಿದ್ದಷ್ಟೇ ಅಲ್ಲ, ನೀವು ಮಾಡ್ತಿರೋದು ಸರಿಯಿಲ್ಲ ಅಂತ ಜಗಳಕ್ಕೇ ಬಂದ್ರು. ಅದಕ್ಕೇ ಅಪ್ಪ ನಾನು ಅಷ್ಟು ಜೋರಾಗಿ ಕೂಗಾಡಿದ್ದು. ನಂಗೆ ಖುಷಿಯಾಗಿತ್ತು!

ಅಕ್ಕ ಮೂಗು ಒರೆಸಿಕೊಂಡಳು. ಹುಡುಗ ಮಾತ್ರ ಕೀಬೋರ್ಡು ನೋಡ್ಕೊಂಡು, ಕಿವಿ ತನಕ ನಗ್ತಾ ಕೂತಿದ್ದ, ಪುಣ್ಯಾತ್ಮ.

ಕರಿಬಸವಯ್ಯ: ನಮ್ಮೋಳೂ ಹಂಗೇಯ. ಮರದ್ಮೇಲೆ ಕೂತು ನನ್ನ ಬಾಯಿಗೆ ಬಂದಂಗೆ ಬೈದ್ಲಲ್ಲ, ಅವತ್ತೇ ಗೊತ್ತಾಗಿದ್ದು ನಂಗೆ, ಇವಳು ನನ್ನ ಬುಟ್ಟು ಎಲ್ಲೂ ಹೋಗಲ್ಲ ಅಂತ. ಆಯ್ತು, ಅದೇನು ಪೈಪೋ, ಒತ್ತವ್ವ, ನೋಡಣ.

ಮಾನಸಾ ಒತ್ತಿದಳು. ಮೊದಲು ಹುಡುಗನ ಕಪ್ಪು ಸ್ಕ್ರೀನು ಬಂತು. ಅದರ ಪಕ್ಕದಲ್ಲಿ ನಮ್ಮ ಹುಡುಗಿ ವಿಂಡೋ ತೆರೆದುಕೊಳ್ತು, ತಿಳಿ ಹಸಿರು ಬಣ್ಣ, ಅಂಚಿಗೆ ಹಳದಿ, ಒಳ್ಳೇ ರೇಷ್ಮೆ ಸೀರೆ ಥರ. ಆದರೆ ಅಕ್ಷರ ಇರಬೇಕಾದ ಜಾಗದಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆ.

ಕರಿಬಸವಯ್ಯ: ಏನಂತ ಬರ್ದೈತೆ? ಕನ್ನಡಕ ತಂದಿಲ್ಲ.

ಚನ್ನವೀರಯ್ಯ: ಪ್ರಶ್ನೆ ಕೇಳ್ತಿದೆ.

ಕರಿಬಸವಯ್ಯ: ಏನು ಪ್ರಶ್ನೆ?

ಚನ್ನವೀರಯ್ಯ: ಬರೀ ಪ್ರಶ್ನೆ.

ಗಂಗಾಂಬಿಕೆ: ಅಪಶಕುನ! ಮಲ್ಲಿಗೆ ತೆಗೆದು ಆ ಚಾರ್ಜರ್ ವೈರಿಗೆ ಮುಡಿಸಿದ್ದಕ್ಕೇ ಹಿಂಗಾಗಿದ್ದು.

ರೇಣುಕಾಪ್ರಸಾದ್: ಏನಿಲ್ಲ ಅತ್ತೆ. ಕನ್ನಡ ಅಕ್ಷರಾನ ನನ್ನ ಪರ್ಲು ಒಂದು ಥರ ಕಳಿಸ್ತು, ಆ ಕಡೆ ಇನ್ನೊಂದು ಥರ ಓದ್ಕೊಳ್ತು. ನಂದೇ ತಪ್ಪು.

ಮಾನಸಾ: ಇಲ್ಲ ಇಲ್ಲ, ನಂದು ತಪ್ಪು. ನಾನೇ ಅಲ್ಲಿ ಹೇಳೋಕೆ ಮರೆತೆ.

ರೇಣುಕಾಪ್ರಸಾದ್: ನಿಮ್ಮದು ಹೆಂಗ್ರೀ ಆಗುತ್ತೆ? ಕಳಿಸಿದೋನು ನಾನು.

ಮಾನಸಾ: ಓದ್ಕೊಂಡೋಳು ನಾನಲ್ವಾ?

ನಾನು: ನೋಡಿ ಇಲ್ಲಿ! ‘ತಪ್ಪು ನಂದು, ತಪ್ಪು ನಂದು’ ಅಂತ ಜಗಳ ಆಡ್ತಾವೆ. ಭಾವ, ನೀವೂ ಅಕ್ಕನೂ ಮದ್ವೆಯಾದಾಗಿಂದ ಒಂದ್ಸಲನಾದ್ರೂ ಹಿಂಗೆ ಜಗಳ ಆಡಿದೀರಾ?

ಭಾವ ಸೀಲಿಂಗ್ ಫ್ಯಾನ್ ನೋಡಿದ್ರು.

ಅವರಿಬ್ಬರೂ ಏನೋ ತಿದ್ದಿ ಮತ್ತೆ ಒತ್ತಿದರು. ಈ ಸಲ ದುಂಡುದುಂಡಾಗಿ ಕನ್ನಡ ಬಂತು. ‘ಈ ಸಂಬಂಧಕ್ಕೆ ಒಪ್ಪಿಗೆಯೇ?’ ಅಂತ. ಕೆಳಗೆ ಒಂದು ಬಟನ್ನು, ‘ಹೌದು’. ಅಷ್ಟೇ. ಕಪ್ಪು ಸ್ಕ್ರೀನು ಪಕ್ಕದಲ್ಲಿ ಕಣ್ಣು ಮಿಟುಕಿಸ್ತಾ ಉತ್ತರಕ್ಕೆ ಕಾಯ್ತಿತ್ತು.

ಕರಿಬಸವಯ್ಯ: ಕೂಡ್ತು ಕಣ್ರೀ! ಹಳೇದು ಕೇಳ್ತು, ಹೊಸದು ಹೇಳ್ತು!

ಚನ್ನವೀರಯ್ಯ: ಟ್ರಿಪ್ ಆಗ್ಲಿಲ್ಲ, ಸುಟ್ಟೋಗ್ಲಿಲ್ಲ. ಒತ್ತಿ ಬೀಗರೇ, ನೀವು ಗಂಡಿನ ಕಡೆಯೋರು.

ಕರಿಬಸವಯ್ಯ: ನೀವು ಹೆಣ್ಣು ಕೊಡೋರು, ನೀವು ಒತ್ತಿ ಬೀಗರೇ.

ಕೊನೆಗೆ ‘ಹೌದು’ ಅನ್ನೋಕೆ ಎಂಟರ್ ಕೀ ಮೇಲೆ ಭಾವನ ಬೆರಳು, ಅದರ ಮೇಲೆ ಕರಿಬಸವಯ್ಯನವರ ಬೆರಳು ಇಟ್ಟು, ಧಾರೆ ಎರೆಯೋ ಹಾಗೆ ಒತ್ತಿದರು. ಅಕ್ಕ ತಾಂಬೂಲದ ತಟ್ಟೆ ತರೋಕೆ ಒಳಗೆ ಓಡಿದಳು. ನಾನು ಎಲ್ಲರ ಬಾಯಿಗೂ ಸಕ್ಕರೆ ಹಾಕಿದೆ. ತಾಂಬೂಲ ಕೈ ಬದಲಾಯ್ತು. ಆಮೇಲೆ ನೋಡಿದರೆ ಆ ಹಸಿರು ವಿಂಡೋ ಹೋಗೇ ಇಲ್ಲ. ಅದರೊಳಗೆ ಹೊಸ ಸಾಲು ಬಂದು ಕೂತಿದೆ. ‘ತುಮಕೂರಿನಲ್ಲಿ ಬೇರೆ ಮನೆಗೆ ಒಪ್ಪಿಗೆಯೇ?’ ಕೆಳಗೆ ಅದೇ ಬಟನ್ನು, ‘ಹೌದು’.

ಕರಿಬಸವಯ್ಯ: ಏಯ್! ಯಾರ್ಲಾ ಇದನ್ನ ಬರ್ದಿದ್ದು?

ರೇಣುಕಾಪ್ರಸಾದ್: ಪ್ರಶ್ನೆ ನನ್ನ ಪರ್ಲಿಂದು ಮಾವ.

ಮಾನಸಾ: ಬಟನ್ ನಂದು ಅಪ್ಪ.

ಚನ್ನವೀರಯ್ಯ: ಮುಚ್ಚಮ್ಮ ಅದನ್ನ!

ಮಾನಸಾ: ಮುಚ್ಚಲ್ಲಪ್ಪ. ಉತ್ತರ ಬರೋವರೆಗೂ ಹಂಗೇ ಕಾಯ್ತಾ ಇರುತ್ತೆ.

ಕರಿಬಸವಯ್ಯ: ಯಾರೂ ಮುಟ್ಬೇಡಿ! ಬೀಗರೇ, ಬನ್ನಿ ಈಚೆಗೆ. ಇದನ್ನ ನಾವಿಬ್ರೂ ಕೂತು ಮಾತಾಡ್ಬೇಕು.

ಇಬ್ಬರು ಬೀಗರೂ ಹೆಗಲ ಮೇಲೆ ಕೈ ಹಾಕ್ಕೊಂಡು ವರಾಂಡಕ್ಕೆ ಹೋದರು. ಬಟವಾಡಿಯೋ ಸಿ.ಎಸ್. ಪುರವೋ ಅಂತ ಮತ್ತೆ ಶುರು ಹಚ್ಕೊಂಡರು. ಮಾನಸಾ ನನ್ನ ಮುಖ ನೋಡಿದಳು. ನಾನು ಖಾಲಿ ಲೋಟ ಎತ್ತಿಕೊಳ್ಳೋ ನೆಪದಲ್ಲಿ ಮಣೆ ಹತ್ತಿರ ಬಗ್ಗಿ, ಎಂಟರ್ ಒತ್ತಿಬಿಟ್ಟೆ.

ಗಂಗಾಂಬಿಕೆ: ಅಯ್ಯಯ್ಯೋ, ಏನೇ ಮಾಡ್ದೆ ನಂದಿತಾ!

ನಾನು: ಇನ್ನೇನ್ ಮಾಡ್ಲಕ್ಕ? ಬೇರೆ ಬಟನ್ ಇತ್ತಾ?